ಮೆತ್ತನೆಯ ಸಾಣೆಕಲ್ಲು

ಮೋಟಾರು ಕಾರೊಂದನ್ನು ಚೆನ್ನಾಗಿ ತೊಳೆದು ಒಣಗಿಸಿದ ಬಳಿಕ ಅದರ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈಯನ್ನು ಮೆಲ್ಲನೆ ಆಡಿಸಿ ನೋಡಿರಿ. ಕಣ್ಣಿಗೆ ಅದು ನಿರ್ಮಲವಾಗಿಯೇ ಕಾಣುತ್ತದೆ. ಕೈಗೂ ಹೇಳಿಕೊಳ್ಳುವಂಥ ದೋಷವೇನೂ ತಗಲದು. ಇನ್ನು ಬ್ರೆಡ್ಡಿನ ಪೊಟ್ಟಣದ ತೆಳುವಾದ ಪ್ಲಾಸ್ಟಿಕ್ ಹೊದಿಕೆಯೊಳಗೆ ಅದೇ ಕೈಯನ್ನು ತೂರಿಸಿ, ಅದೇ ಜಾಗವನ್ನು ಮತ್ತೊಮ್ಮೆ ಸವರಿರಿ. ಕಾರು ಒಂದೆರಡು ವರ್ಷ ಬಯಲಿನಲ್ಲಿ ನಿಂತದ್ದಾದರೆ, ನುಣುಪೆಂದು ನಾವು ನಂಬಿದ್ದ ಮೈ ಉಪ್ಪುಕಾಗದದಂತೆ ತರಿತರಿಯಾಗಿರುವುದು ಒಡನೆಯೇ ತಿಳಿಯುತ್ತದೆ.

ಬರಿಗೈಗೆ ತಿಳಿಯದುದು ಮುಸುಕಿದ ಕೈಗೆ ತಿಳಿಯುವುದೆಂದರೆ ಮೊದಲ ನೋಟಕ್ಕೆ ವಿಪರೀತವೆನಿಸುತ್ತದೆ. ಆದರೆ ಇದು ಪರೀಕ್ಷೆಗೆ ಒಳಪಟ್ಟ ಸಂಗತಿ. ೧೯೭೫ರಲ್ಲಿ ಗಾರ್ಡನ್ ಮತ್ತು ಕೂಪರ್ ಎಂಬ ಇಬ್ಬರು ಸಂಶೋಧಕರು, ಬೆರಳಿಗೂ ವಸ್ತುವಿಗೂ ನಡುವೆ ತೆಳುವಾದ ಕಾಗದವಿದ್ದಾಗ ಮೇಲ್ಮೈಯ ಏರಿಳಿತಗಳು ಹೆಚ್ಚು ಸ್ಪಷ್ಟವಾಗಿ ಗೊತ್ತಾಗುತ್ತವೆಂದು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮೂರು ವರ್ಷಗಳ ತರುವಾಯ, ೧೯೭೮ರಲ್ಲಿ, ಸೂಸನ್ ಲೆಡರ್‌ಮನ್ ಎಂಬ ಮನೋವಿಜ್ಞಾನಿ ಇದಕ್ಕೆ ಕಾರಣವನ್ನು ಸೂಚಿಸಿದರು. ಬರಿಯ ಚರ್ಮ ನುಣುಪಾದ ಮೈಗೆ ಅಂಟಿಕೊಳ್ಳುತ್ತದೆ. ಕೈ ಮುಂದೆ ಸರಿದಂತೆಲ್ಲ ಚರ್ಮವು ಹಿಂದಕ್ಕೆ ಎಳೆಯಲ್ಪಡುತ್ತದೆ. ಪಕ್ಕಕ್ಕೆಳೆಯುವ ಈ ಬಲದ ಸಂವೇದನೆಯೇ ಪ್ರಬಲವಾಗಿ, ಸಣ್ಣ ಉಬ್ಬುಗಳು ಚರ್ಮವನ್ನು ಒತ್ತುವ ಸಂವೇದನೆಯನ್ನು ಮರೆಮಾಡುತ್ತದೆ. ಜಾರುವ ಹಾಳೆಯೊಂದು ನಡುವೆ ಬಂದಾಗ ಎಳೆತ ಕಡಮೆಯಾಗುತ್ತದೆ, ಒತ್ತು ಮಾತ್ರ ಉಳಿಯುತ್ತದೆ. ಗದ್ದಲವಡಗಿದ ತರಗತಿಯಲ್ಲಿ ಪಿಸುಮಾತು ಕೇಳಿಸುವಂತೆ ಎನ್ನೋಣ.

ನಮ್ಮ ಬೆರಳು ಸಾಮಾನ್ಯವಾದ ಉಪಕರಣವಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಕೆಟಿಎಚ್ ಸಂಸ್ಥೆಯ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೇವಲ ೧೩ ನ್ಯಾನೋಮೀಟರ್ ಎತ್ತರದ ಸುಕ್ಕುಗಳುಳ್ಳ ಮೇಲ್ಮೈಯನ್ನು ಸುಕ್ಕಿಲ್ಲದ ಮೇಲ್ಮೈಯಿಂದ ಜನರು ಬರಿಯ ಸ್ಪರ್ಶದಿಂದಲೇ ಬೇರ್ಪಡಿಸಿ ಗುರುತಿಸಿದರು. ಹದಿಮೂರು ನ್ಯಾನೋಮೀಟರೆಂದರೆ ಒಂದು ಮಿಲಿಮೀಟರಿನ ಸುಮಾರು ೭೭,೦೦೦ದಲ್ಲಿ ಒಂದು ಭಾಗ. ಕಾರಿನ ಮೈಮೇಲೆ ನಾವು ಹುಡುಕುತ್ತಿರುವ ತರಿಗಳು ಇದರ ನೂರಾರು, ಸಾವಿರಾರು ಪಟ್ಟು ದೊಡ್ಡವು. ಆದುದರಿಂದ ಈ ಕೆಲಸಕ್ಕೆ ಕೈಗಿಂತ ಮಿಗಿಲಾದ ಅಳತೆಯ ಸಾಧನವನ್ನು ಅರಸಬೇಕಾದುದಿಲ್ಲ.

ಈ ತರಿಗಳು ಏನು? ಎಲ್ಲಿಂದ ಬಂದವು? ತೊಳೆದರೂ ಏಕೆ ಹೋಗಲಿಲ್ಲ?

ಅವುಗಳಲ್ಲಿ ಮುಖ್ಯವಾದುದು ಕಬ್ಬಿಣ. ಕಾರಿನ ಮುಂದಿನ ಗಾಲಿಗಳಲ್ಲಿರುವ ಬ್ರೇಕಿನ ತಟ್ಟೆ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಪ್ರತಿಸಲ ಬ್ರೇಕು ಹಾಕಿದಾಗಲೂ ವಾಹನದ ಚಲನಶಕ್ತಿ ಘರ್ಷಣೆಯಿಂದ ಉಷ್ಣವಾಗಿ ಮಾರ್ಪಡುತ್ತದೆ. ಜೊತೆಗೆ ತಟ್ಟೆಯಿಂದಲೂ ಅದನ್ನು ಒತ್ತುವ ದಿಂಡಿನಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಬಿಸಿ ಚೂರುಗಳು ಸಿಡಿಯುತ್ತವೆ. ದಟ್ಟವಾದ ಸಂಚಾರವಿರುವ ಬೆಂಗಳೂರಿನಂಥ ಊರಿನಲ್ಲಿ ಇಂಥ ಚೂರುಗಳು ನಮ್ಮ ಗಾಡಿಯಿಂದಲೇ ಬರಬೇಕೆಂದಿಲ್ಲ. ಮುಂದಿನ ಗಾಡಿಯೂ ಪಕ್ಕದ ಗಾಡಿಯೂ ಧಾರಾಳವಾಗಿ ದಾನಮಾಡುತ್ತವೆ. ರೈಲು ಹಳಿಯ ಬಳಿ ನಿಲ್ಲುವ ಕಾರುಗಳಿಗೆ ಹಳಿ ಮತ್ತು ಗಾಲಿಗಳ ತಿಕ್ಕಾಟದಿಂದ ಎದ್ದ ಕಬ್ಬಿಣದ ಧೂಳು ಬೇರೆ. ಚೂರು ಬಣ್ಣದ ಮೇಲೆ ಕುಳಿತು ಅಂಟಿಕೊಂಡ ಮೇಲೆ ಮಳೆ, ಇಬ್ಬನಿಗಳ ತೇವದಿಂದ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಆಕ್ರಮಿಸುತ್ತದೆಯಾಗಿ, ಚೂರು ಕುಳಿತಲ್ಲಿಯೇ ಉಬ್ಬಿ ಬೆಣೆಯಂತೆ ಬಿಗಿದುಕೊಳ್ಳುತ್ತದೆ. ಬಿಳಿಯ ಕಾರಿನ ಮೇಲೆ ಕಿತ್ತಳೆ ಬಣ್ಣದ ಸೂಜಿಮೊನೆಯಷ್ಟು ಚುಕ್ಕೆಗಳು ಕಂಡರೆ ಅವು ಬಹುಮಟ್ಟಿಗೆ ಇವೇ.

ಉಳಿದವುಗಳನ್ನು ಬೇಗನೆ ಹೇಳಿ ಮುಗಿಸಬಹುದು: ರಸ್ತೆಯ ಟಾರು, ಮರದ ಅಂಟು, ಎಲೆಯ ರಸವನ್ನು ಹೀರುವ ಕೀಟಗಳು ಉದುರಿಸುವ ಸಿಹಿಯಾದ ಜಿಗುಟು, ಪಕ್ಕದ ಮನೆಯ ಕಬ್ಬಿಣದ ಗೇಟಿಗೆ ಬಣ್ಣ ಸಿಂಪಡಿಸಿದಾಗ ಗಾಳಿಯಲ್ಲಿ ತೇಲಿ ಬಂದ ಹನಿಗಳು, ಕೊಳವೆ ಬಾವಿಯ ಗಡುಸು ನೀರು ಬಿಸಿಲಿನಲ್ಲಿ ಆರಿದಾಗ ಉಳಿಯುವ ಸುಣ್ಣದ ಕಲೆ. ಸಾಬೂನಿನ ನೀರು ಎಣ್ಣೆಯ ಪಸೆಯನ್ನು ಬಿಡಿಸಬಲ್ಲುದು. ಸಡಿಲವಾದ ಧೂಳನ್ನು ತೇಲಿಸಿ ಒಯ್ಯಬಲ್ಲುದು. ಹೀಗೆ ಬೇರೂರಿದುದನ್ನು ಕೀಳುವ ಬಲ ಅದಕ್ಕೆ ಇಲ್ಲ.

ಕೆಲವು ಕಣಗಳಿದ್ದರೆ ಏನು ನಷ್ಟ ಎಂದು ಕೇಳಬಹುದು. ಉತ್ತರ ಬೆಳಕಿನಲ್ಲಿದೆ. ಇಂದಿನ ಕಾರಿನ ಬಣ್ಣ ಒಂದೇ ಲೇಪವಲ್ಲ. ಉಕ್ಕಿನ ಹಾಳೆಯ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಲೇಪ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಮೆರುಗಿನ ಲೇಪ. ೧೯೮೦ರ ದಶಕದಿಂದೀಚೆಗೆ ಈ ಕ್ರಮ ವ್ಯಾಪಕವಾಗಿದೆ. ಎಲ್ಲ ಲೇಪಗಳು ಸೇರಿದರೂ ದಪ್ಪ ಸುಮಾರು ೧೦೦ರಿಂದ ೧೨೦ ಮೈಕ್ರಾನು, ಅಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು. ಅದರಲ್ಲಿ ಮೆರುಗಿನ ಲೇಪದ ಪಾಲು ೪೦ರಿಂದ ೫೦ ಮೈಕ್ರಾನು, ತಲೆಗೂದಲಿಗಿಂತ ತೆಳುವು. ಈ ಲೇಪದ ವಕ್ರೀಭವನಾಂಕ ಸುಮಾರು ೧.೫. ಲಂಬವಾಗಿ ಬಿದ್ದ ಬೆಳಕಿನಲ್ಲಿ ಶೇಕಡ ೪ರಷ್ಟು ಲೇಪದ ಮೇಲ್ಮುಖದಿಂದಲೇ ಹಿಂದಿರುಗುತ್ತದೆ; ಉಳಿದುದು ಒಳಹೊಕ್ಕು, ಕೆಳಗಿನ ವರ್ಣಕದಲ್ಲಿ ತನ್ನ ಕೆಲವು ಬಣ್ಣಗಳನ್ನು ಕಳೆದುಕೊಂಡು ಹೊರಬರುತ್ತದೆ. ಮೊದಲಿನದು ಹೊಳಪು, ಎರಡನೆಯದು ಬಣ್ಣ.

ಮೇಲ್ಮುಖ ನುಣುಪಾಗಿದ್ದರೆ ಆ ಶೇಕಡ ೪ ಒಂದೇ ದಿಕ್ಕಿಗೆ ಶಿಸ್ತಿನಿಂದ ಹೋಗುತ್ತದೆ. ಅದರಲ್ಲಿ ಆಕಾಶವೂ ಮರಗಳೂ ಸ್ಪಷ್ಟವಾಗಿ ಪ್ರತಿಬಿಂಬಿಸುತ್ತವೆ. ನುಣುಪು ಎಂದರೆ ಎಷ್ಟು? ಲಾರ್ಡ್ ರೇಲಿಯ ಹೆಸರಿನ ನಿಯಮದಂತೆ, ಲಂಬವಾಗಿ ಬೀಳುವ ಬೆಳಕಿಗೆ ಏರಿಳಿತಗಳು ತರಂಗದೂರದ ಎಂಟನೆಯ ಒಂದು ಭಾಗಕ್ಕಿಂತ ಕಡಮೆಯಿರಬೇಕು. ಹಸುರು ಬೆಳಕಿನ ತರಂಗದೂರ ೦.೫೫ ಮೈಕ್ರಾನು, ಎಂಟರಿಂದ ಭಾಗಿಸಿದರೆ ಸುಮಾರು ೦.೦೭ ಮೈಕ್ರಾನು. ಈ ಲೆಕ್ಕದಲ್ಲಿ ೨೦ ಮೈಕ್ರಾನು ಎತ್ತರದ ಕಬ್ಬಿಣದ ಚೂರು ಒಂದು ಬೆಟ್ಟವೇ ಸರಿ. ಸಾವಿರಾರು ಬೆಟ್ಟಗಳ ಇಳಿಜಾರುಗಳಿಂದ ಬೆಳಕು ಎಲ್ಲ ದಿಕ್ಕುಗಳಿಗೂ ಚದರುತ್ತದೆ. ಚದರಿದ ಬಿಳಿಯ ಬೆಳಕು ಕೆಳಗಿನಿಂದ ಬರುವ ಬಣ್ಣದೊಡನೆ ಬೆರೆತು ಅದನ್ನು ನೀರು ಬೆರೆಸಿದ ಹಾಲಿನಂತೆ ತೆಳ್ಳಗೆ ಮಾಡುತ್ತದೆ. ಕಪ್ಪು ಕಾರು ಬೂದುಬಣ್ಣಕ್ಕೆ ತಿರುಗಿದಂತೆ ಕಾಣುವುದು ಬಣ್ಣ ಮಾಸಿದ್ದರಿಂದಲೇ ಎಂದು ಭಾವಿಸುವುದು ಸಹಜ. ಅನೇಕ ವೇಳೆ ಬಣ್ಣ ಹಾಗೆಯೇ ಇರುತ್ತದೆ, ಅದರ ಮೇಲಿನ ಮೈ ಒರಟಾಗಿರುತ್ತದೆ.

ನೋಟದ ಮಾತು ಹಾಗಿರಲಿ. ಇದಕ್ಕಿಂತ ಗಂಭೀರವಾದ ವಿಷಯವೊಂದುಂಟು. ಮೆರುಗಿನ ಲೇಪ ಬರಿಯ ಅಲಂಕಾರವಲ್ಲ. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರುವ ದ್ರವ್ಯಗಳನ್ನು ಅದರಲ್ಲಿ ಸೇರಿಸಿರುತ್ತಾರೆ. ಅದು ತೀರ ತೆಳುವಾದರೆ ಬಿಳಿಚಿ, ಸುಲಿದು, ಕೆಳಗಿನ ಬಣ್ಣ ಬಿಸಿಲಿಗೆ ಸಿಕ್ಕುತ್ತದೆ. ಆ ನಲವತ್ತು ಮೈಕ್ರಾನುಗಳನ್ನು ಮನೆಯಲ್ಲಿ ಕಡಮೆಮಾಡಬಹುದೇ ಹೊರತು ಹೆಚ್ಚಿಸಲಾಗದು. ಕಾರನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುವವನಿಗೆ ಮತ್ತೆ ಬಣ್ಣ ಹೊಡೆಸುವುದೆಂದರೆ ಹಲವು ದಿನಗಳ ದುಡಿಮೆಯೂ ಗಾಡಿ ನಿಂತ ದಿನಗಳ ನಷ್ಟವೂ ಸೇರಿದ ವೆಚ್ಚ. ಮಂಗಳೂರಿನಂಥ ಕರಾವಳಿಯ ಊರುಗಳಲ್ಲಿ ಉಪ್ಪಿನ ಗಾಳಿ ಕಾದುಕೊಂಡೇ ಇರುತ್ತದೆ. ಉಕ್ಕು ತೆರೆದ ಕಡೆ ತುಕ್ಕು ತಡಮಾಡುವುದಿಲ್ಲ. ಆದುದರಿಂದ ತರಿಗಳನ್ನು ತೆಗೆಯಬೇಕು, ಲೇಪವನ್ನು ತೆಗೆಯಬಾರದು. ಇದು ನಮ್ಮ ಮುಂದಿರುವ ಸಮಸ್ಯೆ.

ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದರೆ ಏನಾಗುವುದೆಂದು ಒಂದು ಸಣ್ಣ ಗಣಿತದಿಂದ ನೋಡೋಣ. ಕೈಯಿಂದ ಅರ್ಧ ಕಿಲೋಗ್ರಾಂ ಭಾರದಷ್ಟು ಒತ್ತುತ್ತೇವೆ ಎಂದಿಟ್ಟುಕೊಳ್ಳೋಣ. ಈ ಭಾರ ೫೦ ಚದರ ಸೆಂಟಿಮೀಟರುಗಳ ಮೇಲೆ ಸಮನಾಗಿ ಹರಡಿದರೆ, ಪ್ರತಿ ಚದರ ಸೆಂಟಿಮೀಟರಿಗೆ ೧೦ ಗ್ರಾಂ ಮಾತ್ರ. ಮಗುವಿನ ಮುಖ ಒರೆಸಿದಷ್ಟು ಹಗುರ. ಆದರೆ ಕೈಕೆಳಗಿನ ವಸ್ತು ಗಟ್ಟಿಯಾಗಿದ್ದು, ಹತ್ತು ಮೈಕ್ರಾನು ಅಗಲದ ಹತ್ತು ಮೊನೆಗಳು ಮಾತ್ರ ಬಣ್ಣವನ್ನು ಮುಟ್ಟಿದರೆ ಅದೇ ಭಾರವೆಲ್ಲ ಆ ಹತ್ತು ಮೊನೆಗಳ ಮೇಲೆ ಬೀಳುತ್ತದೆ. ಒತ್ತಡ ಮೊದಲಿನದರ ೫೦ ಲಕ್ಷ ಪಟ್ಟಾಗಬೇಕು. ಯಾವ ಬಣ್ಣವೂ ಇದನ್ನು ತಾಳದು. ಸಂಪರ್ಕದ ವಿಸ್ತೀರ್ಣ ಸಾಕಷ್ಟು ಹೆಚ್ಚುವವರೆಗೂ ಮೊನೆಗಳು ಲೇಪದೊಳಕ್ಕೆ ಇಳಿಯುತ್ತವೆ. ಕೈ ಸರಿದಂತೆ ಅಷ್ಟು ಆಳದ ಗೆರೆಗಳು ಬೀಳುತ್ತವೆ. ಗೀರು ಬೀಳುವುದು ಬಲದಿಂದಲ್ಲ, ಬಲ ಹಂಚಿಕೆಯಾಗದಿರುವುದರಿಂದ.

ಈ ತೊಡಕನ್ನು ಬಿಡಿಸಿದ ವಸ್ತುವಿಗೆ ಇಂಗ್ಲಿಷಿನಲ್ಲಿ 'ಕ್ಲೇ ಬಾರ್' ಎಂದು ಹೆಸರು. ಜೇಡಿಮಣ್ಣಿನ ಬಿಲ್ಲೆ ಎಂದು ಕರೆಯಬಹುದು. ೧೯೮೦ರ ದಶಕದಲ್ಲಿ ಜಪಾನಿನ ಕಾರು ದುರಸ್ತಿಯ ಕಮ್ಮಟಗಳಲ್ಲಿ ಇದು ಬಳಕೆಗೆ ಬಂದಿತು. ಟಡಾವೊ ಕೊಡಾಟೆ ಎಂಬ ಜಪಾನೀಯನಿಗೆ ೧೯೯೫ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ದೊರೆತ ಪೇಟೆಂಟಿನ ಶೀರ್ಷಿಕೆಯನ್ನು ಕನ್ನಡಿಸಿದರೆ 'ಬಾಗಬಲ್ಲ, ರೂಪ ತಾಳಬಲ್ಲ ಸಾಣೆಕಲ್ಲು' ಎಂದಾಗುತ್ತದೆ. ಅಂಗಡಿಯ ಹೆಸರಿಗಿಂತ ಈ ಹೆಸರೇ ನಮಗೆ ಮೆಚ್ಚಿಗೆ. ವಸ್ತುವಿನ ಗುಟ್ಟೆಲ್ಲ ಇದರಲ್ಲಿದೆ. ಏಕೆಂದರೆ ಕುಂಬಾರನ ಜೇಡಿಮಣ್ಣಿಗೂ ಇದಕ್ಕೂ ಸಾದೃಶ್ಯವಿರುವುದು ಮೆತುವಿನಲ್ಲಿ ಮಾತ್ರ. ಇದರ ಮೂಲದ್ರವ್ಯ ಪಾಲಿಬ್ಯೂಟೀನಿನಂಥ, ಪೆಟ್ರೋಲಿಯಮ್ಮಿನಿಂದ ಪಡೆದ ಜಿಗುಟಾದ ಪಾಲಿಮರು. ಅದರಲ್ಲಿ ಸುಣ್ಣಕಲ್ಲು, ಸಿಲಿಕ, ಅಲ್ಯುಮಿನ ಮುಂತಾದವುಗಳ ಬಹು ನಯವಾದ ಪುಡಿಯನ್ನು ಕಲಸಿರುತ್ತಾರೆ.

ಇಂಥ ವಸ್ತುವಿನ ಮುಖ್ಯ ಗುಣ ನಮ್ಯತೆ. ರಬ್ಬರನ್ನು ಅದುಮಿ ಬಿಟ್ಟರೆ ಮೊದಲಿನ ಆಕಾರಕ್ಕೆ ಹಿಂದಿರುಗುತ್ತದೆ, ಅದು ಸ್ಥಿತಿಸ್ಥಾಪಕತೆ. ಚಪಾತಿಯ ಹಿಟ್ಟನ್ನು ಅದುಮಿದರೆ ಬೆರಳಿನ ಗುರುತು ಹಾಗೆಯೇ ಉಳಿಯುತ್ತದೆ, ಇದು ನಮ್ಯತೆ. ಒತ್ತಡವು ಒಂದು ಮಿತಿಯೊಳಗಿರುವವರೆಗೆ ಹಿಟ್ಟು ಗಟ್ಟಿ ಪದಾರ್ಥದಂತೆ ವರ್ತಿಸುತ್ತದೆ. ಮಿತಿ ಮೀರಿದೊಡನೆ ದ್ರವದಂತೆ ಹರಿಯತೊಡಗುತ್ತದೆ. ಸಾಣೆಯ ಪುಡಿಯ ಕಾಳು ಇಂಥ ಮೆತ್ತನೆಯ ಮುದ್ದೆಯಲ್ಲಿ ಹುದುಗಿದಾಗ ಏನಾಗುತ್ತದೆ? ಕಾಳು ಸಪಾಟಾದ ಬಣ್ಣವನ್ನು ಒತ್ತಲು ಹೊರಟರೆ, ಬಣ್ಣ ಕೊರೆಯುವುದಕ್ಕಿಂತ ಮೊದಲೇ ಅದರ ಬೆನ್ನಹಿಂದಿನ ಮುದ್ದೆ ಹರಿದು ಜಾಗಬಿಡುತ್ತದೆ. ಕಾಳು ಒಳಕ್ಕೆ ಸರಿಯುತ್ತದೆ. ಆದರೆ ಮೇಲೆದ್ದ ತರಿಯೊಂದು ದಾರಿಗೆ ಅಡ್ಡ ಬಂದರೆ ಮುದ್ದೆ ಅದರ ಸುತ್ತ ತುಂಬಿಕೊಳ್ಳುತ್ತದೆ, ಹಲವಾರು ಕಾಳುಗಳು ಅದನ್ನು ಪಕ್ಕದಿಂದ ತಿಕ್ಕುತ್ತವೆ, ಮತ್ತು ಮುಂದೆ ಸರಿಯುವ ಮುದ್ದೆ ಅದನ್ನು ಹಿಡಿದು ಎಳೆಯುತ್ತದೆ. ಎಳೆತ ತರಿಯ ಬುಡದ ಹಿಡಿತವನ್ನು ಮೀರಿದಾಗ ಅದು ಕಿತ್ತು ಬಂದು ಮುದ್ದೆಯೊಳಗೆ ಸೇರುತ್ತದೆ. ಅಕ್ಕಸಾಲಿಗನು ಮೇಣದ ಉಂಡೆಯಿಂದ ಹರಳನ್ನು ಎತ್ತಿಕೊಳ್ಳುವುದನ್ನು ಕಂಡವರಿಗೆ ಈ ಕಡೆಯ ಹಂತ ಹೊಸತೆನಿಸದು.

ಹಾಗಾದರೆ ಮುದ್ದೆ ಬಣ್ಣಕ್ಕೇ ಏಕೆ ಅಂಟಿಕೊಳ್ಳುವುದಿಲ್ಲ? ಒಣ ಮೈಮೇಲೆ ಖಂಡಿತವಾಗಿಯೂ ಅಂಟಿಕೊಳ್ಳುತ್ತದೆ, ಕೀಳುವುದೇ ಕಷ್ಟವಾಗುತ್ತದೆ. ಆದುದರಿಂದಲೇ ನಡುವೆ ಜಾರಕವೊಂದು ಬೇಕು: ಕಾರು ತೊಳೆಯುವ ಶಾಂಪೂವಿನ ಕೆಲವು ತೊಟ್ಟು ಬೆರೆಸಿದ ನೀರು ಸಾಕು. ತೆಳುವಾದ ನೀರಿನ ಪದರದ ಮೇಲೆ ಮುದ್ದೆ ತೇಲಿದಂತೆ ಜಾರುತ್ತದೆ. ಈ ಪದರವನ್ನು ಭೇದಿಸಿ ಮುದ್ದೆಯನ್ನು ಮುಟ್ಟುವಷ್ಟು ಎತ್ತರವಾದುದು ತರಿ ಮಾತ್ರ. ನೀರಿನ ಪದರವೇ ಇಲ್ಲಿ ಆಯ್ಕೆಯ ಕೆಲಸವನ್ನು ಮಾಡುತ್ತದೆಂದರೆ ತಪ್ಪಾಗದು. ಅಂಗಡಿಯವರು ಜಾರಕವೆಂದು ಪ್ರತ್ಯೇಕವಾದ ದುಬಾರಿ ಸೀಸೆಗಳನ್ನು ಮಾರುವುದುಂಟು. ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ, ಆದರೆ ಜಾರಕದಲ್ಲಿ ಜಿಪುಣತನ ಮಾತ್ರ ಸಲ್ಲದು.

ಕೆಲಸದ ಕ್ರಮ ಸರಳವಾದುದು. ಕಾರು ನೆರಳಿನಲ್ಲಿರಬೇಕು, ಮೈ ತಣ್ಣಗಿರಬೇಕು. ಬಿಸಿ ತಗಡಿನ ಮೇಲೆ ನೀರು ಆರಿ ಮುದ್ದೆ ಕರಗಿದಂತಾಗಿ ಬಳಿದುಕೊಳ್ಳುತ್ತದೆ. ಮೊದಲು ಧಾರಾಳವಾದ ನೀರಿನಿಂದ ತೊಳೆಯಬೇಕು. ಮರಳಿನ ಕಣವೊಂದು ಉಳಿದರೂ ಅದನ್ನು ಮುದ್ದೆಯ ಕೆಳಗೆ ಕಾರಿನುದ್ದಕ್ಕೂ ಎಳೆದಾಡಬೇಕಾಗುತ್ತದೆ. ತುಕ್ಕಿನ ಚುಕ್ಕೆಗಳು ಬಹಳವಿದ್ದರೆ ಥಯೊಗ್ಲೈಕೊಲೇಟ್ ಇರುವ ದ್ರವವನ್ನು ಮೊದಲೇ ಸಿಂಪಡಿಸುವುದು ಮೇಲು. ಕಬ್ಬಿಣ ಅದರೊಡನೆ ಕೂಡಿ ನೇರಳೆ ಬಣ್ಣ ತಾಳಿ ನೀರಿನೊಡನೆ ಹರಿದುಹೋಗುವುದನ್ನು ನೋಡುವುದೇ ಒಂದು ರಸಾಯನ ಪಾಠ. ಆಮೇಲೆ ಬಿಲ್ಲೆಯಿಂದ ನಲವತ್ತು ಐವತ್ತು ಗ್ರಾಂ ಮುರಿದು, ಅಂಗೈಯಲ್ಲಿ ನಾದಿ, ಚಿಕ್ಕ ರೊಟ್ಟಿಯಂತೆ ತಟ್ಟಿಕೊಳ್ಳಬೇಕು. ಒಮ್ಮೆಗೆ ಅರ್ಧ ಮೀಟರು ಚದರದಷ್ಟು ಜಾಗವನ್ನು ಮಾತ್ರ ಒದ್ದೆಮಾಡಿ, ಬೆರಳುಗಳ ಭಾರವಷ್ಟೇ ಬೀಳುವಂತೆ, ನೇರವಾದ ಸಾಲುಗಳಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಸಬೇಕು. ಮೊದಮೊದಲು ಸರಸರ ಎಂಬ ಸದ್ದು ಕೇಳಿಸುತ್ತದೆ, ಕೈಗೆ ತಡೆ ತಿಳಿಯುತ್ತದೆ. ತರಿಗಳು ಬಿಟ್ಟುಬಂದಂತೆ ಸದ್ದು ಅಡಗುತ್ತದೆ, ಮುದ್ದೆ ಗಾಜಿನ ಮೇಲಿನಂತೆ ಜಾರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಒರೆಸಿ, ಬ್ರೆಡ್ಡಿನ ಹೊದಿಕೆಯಿಂದ ಸವರಿ ಪರೀಕ್ಷಿಸಿ ಮುಂದಿನ ಜಾಗಕ್ಕೆ ಹೋಗಬಹುದು. ಮುದ್ದೆಯ ಮುಖ ಕಂದಿದಾಗ ಮಡಿಸಿ ನಾದಿ ಹೊಸ ಮುಖವನ್ನು ಹೊರತರಬೇಕು. ಬಾಗಿಲುಗಳ ಕೆಳಭಾಗ ಎಲ್ಲಕ್ಕಿಂತ ಕೊಳಕು. ಅದನ್ನು ಕಡೆಗೆ ಇಟ್ಟುಕೊಳ್ಳುವುದು ವಿವೇಕ. ಕಿಟಕಿಯ ಗಾಜಿಗೂ ಇದೇ ಉಪಚಾರ ಸಲ್ಲುತ್ತದೆ.

ಒಂದು ನಿಯಮದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮುದ್ದೆ ನೆಲಕ್ಕೆ ಬಿದ್ದರೆ ಅದನ್ನು ಎಸೆಯಬೇಕು. ಎಷ್ಟೇ ಬೆಲೆ ಕೊಟ್ಟದ್ದಾಗಿರಲಿ, ಅಂದೇ ಕೊಂಡದ್ದಾಗಿರಲಿ. ನೆಲದ ಮರಳು ಬಹುಪಾಲು ಬೆಣಚುಕಲ್ಲಿನ ಪುಡಿ. ಕಾಠಿಣ್ಯದ ಮೋಸ್ ಶ್ರೇಣಿಯಲ್ಲಿ ಅದರ ಸ್ಥಾನ ೭. ಅದು ಗಾಜನ್ನೇ ಗೀರಬಲ್ಲುದು. ಮುದ್ದೆಯ ಸ್ವಂತ ಪುಡಿಗಿಂತ ಈ ಕಣಗಳು ಬಹಳ ದೊಡ್ಡವು. ಅರ್ಧ ಮಿಲಿಮೀಟರಿನ ಕಣ ಮುದ್ದೆಯೊಳಕ್ಕೆ ಅಡಗುವುದಕ್ಕೆ ಮುನ್ನ ಕೆಲಸ ಕೆಡಿಸಿಯಾಗಿರುತ್ತದೆ. ತೊಳೆದರೆ ಅವು ಹೋಗವು. ಅಂಟಿಸಿಕೊಳ್ಳುವುದೇ ಮುದ್ದೆಯ ಧರ್ಮವಲ್ಲವೆ?

ಈ ಬಿಲ್ಲೆ ಮಾಡಲಾರದುದನ್ನೂ ಹೇಳಬೇಕು. ಮೇಲೆದ್ದುದನ್ನು ಅದು ತೆಗೆಯುತ್ತದೆ, ತಗ್ಗನ್ನು ತುಂಬುವುದಿಲ್ಲ. ಹಕ್ಕಿಯ ಹಿಕ್ಕೆಯಿಂದಲೋ ಆರಿದ ಗಡುಸು ನೀರಿನಿಂದಲೋ ಲೇಪವೇ ಕೊರೆದುಹೋಗಿದ್ದರೆ ಅದಕ್ಕೆ ಇದು ಮದ್ದಲ್ಲ. ಗೀರುಗಳಿಗೂ ಅಲ್ಲ. ಮೆರುಗಿಲ್ಲದ ಮಂಕುಬಣ್ಣದ ಕಾರುಗಳಿಗೆ ಇದನ್ನು ಮುಟ್ಟಿಸಲೇಬಾರದು; ಅವುಗಳ ಅಂದವೇ ಒರಟುತನದಲ್ಲಿದೆ, ಉಜ್ಜಿದ ಕಡೆ ತೇಪೆಯಂತೆ ಹೊಳಪು ಬರುತ್ತದೆ. ಹಳೆಯ ಮಾದರಿಯ ಒಂದೇ ಲೇಪದ ಕಾರಾದರೆ ಮುದ್ದೆಗೆ ಬಣ್ಣ ಹತ್ತುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಹಿಂದೆ ಹಚ್ಚಿದ ಮೇಣವೂ ಈ ಕೆಲಸದಲ್ಲಿ ಹೋಗುತ್ತದೆಯಾಗಿ ಕಡೆಯಲ್ಲಿ ಹೊಸದಾಗಿ ಮೇಣ ಹಚ್ಚಬೇಕು. ಎಷ್ಟು ಕಾಲಕ್ಕೊಮ್ಮೆ? ವರ್ಷಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ. ಕೈಗೆ ತರಿ ತಿಳಿಯದಿದ್ದರೆ ಅದೂ ಬೇಡ. ಎಷ್ಟು ಎಚ್ಚರ ವಹಿಸಿದರೂ ಪ್ರತಿಸಲವೂ ಅತಿ ಸಣ್ಣ ಗೆರೆಗಳು ಅಲ್ಪಸ್ವಲ್ಪ ಬೀಳುವ ಸಂಭವವಿದೆ.

ಗೆರೆಗಳ ಮಾತು ಬಂದುದರಿಂದ ಒಂದು ದೈನಂದಿನ ಅಭ್ಯಾಸದ ಕಡೆಗೆ ವಾಚಕರ ಗಮನವನ್ನು ಸೆಳೆಯಬೇಕು. ನಮ್ಮ ಊರುಗಳಲ್ಲಿ ದಿನವೂ ಬೆಳಗ್ಗೆ ಒಣ ಬಟ್ಟೆಯಿಂದ ಕಾರನ್ನು ಒರೆಸುವುದುಂಟು. ರಾತ್ರಿ ಕುಳಿತ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ. ಬಟ್ಟೆ ಅವುಗಳನ್ನು ಹಿಡಿದು ಬಣ್ಣದ ಮೇಲೆ ಎಳೆಯುತ್ತದೆ. ಬಿಸಿಲಿನಲ್ಲಿ ಇಂಥ ಕಾರನ್ನು ನೋಡಿರಿ: ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ವರ್ತುಲಾಕಾರದ ಗೆರೆಗಳು ಕಾಣುತ್ತವೆ. ಒರೆಸಿದವನ ಕೈ ದುಂಡಗೆ ಸುತ್ತಿದ್ದೇ ಇದಕ್ಕೆ ಕಾರಣವೆಂಬುದು ಜನಪ್ರಿಯ ನಂಬಿಕೆ. ಆದರೆ ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಲೆಯೂ ನಿಮ್ಮೊಡನೆ ಸರಿಯುತ್ತದೆ! ಗೀರುಗಳು ವಾಸ್ತವವಾಗಿ ಎಲ್ಲ ದಿಕ್ಕುಗಳಲ್ಲೂ ಇವೆ. ಪ್ರತಿಯೊಂದು ಗೀರೂ ತನ್ನ ಉದ್ದಕ್ಕೆ ಅಡ್ಡಲಾಗಿ ಬೆಳಕನ್ನು ಬೀಸಣಿಗೆಯಂತೆ ಹರಡುತ್ತದೆಯಾದುದರಿಂದ, ಪ್ರತಿಬಿಂಬಕ್ಕೆ ಸುತ್ತುವರಿದಂತೆ ಮಲಗಿರುವ ಗೀರುಗಳ ಬೆಳಕು ಮಾತ್ರ ನಮ್ಮ ಕಣ್ಣನ್ನು ಮುಟ್ಟುತ್ತದೆ. ಉಳಿದವು ಇದ್ದರೂ ಕಾಣವು. ಹೆಚ್ಚು ತಿಕ್ಕಿದ ಸ್ಟೀಲಿನ ತಟ್ಟೆಯ ಮೇಲೆ ದೀಪದ ಪ್ರತಿಬಿಂಬವನ್ನು ನೋಡಿದರೂ ಇದೇ ಚಿತ್ರ ಸಿಗುತ್ತದೆ. ಒಣ ಬಟ್ಟೆಯ ಈ ನಿತ್ಯಸೇವೆಯನ್ನು ನಿಲ್ಲಿಸುವುದು ಜೇಡಿಯ ಬಿಲ್ಲೆಯನ್ನು ಕೊಳ್ಳುವುದಕ್ಕಿಂತಲೂ ಹೆಚ್ಚಿನ ಉಪಕಾರವೆಂದು ನಮ್ಮ ಅಭಿಪ್ರಾಯ.

ಕಡೆಯದಾಗಿ, ಕಾಲೇಜಿನ ಪ್ರಯೋಗಶಾಲೆಗೆ ಹೋಗಿಬರುವ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಬಳಸಿ ಮುಗಿದ ಮುದ್ದೆಯನ್ನು ಎಸೆಯದೆ, ಕಡಲೆಕಾಳಿನಷ್ಟನ್ನು ಗಾಜಿನ ಪ್ರನಾಳದಲ್ಲಿ ಸ್ವಲ್ಪ ಟರ್ಪೆಂಟೈನಿನಲ್ಲಿ ನೆನೆಯಿಡಿರಿ. ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಇರಬಾರದು. ಪಾಲಿಮರು ನಿಧಾನವಾಗಿ ಕರಗಿ, ಅದು ಹಿಡಿದಿಟ್ಟಿದ್ದ ಕಾಳುಗಳು ತಳಕ್ಕೆ ಇಳಿಯುತ್ತವೆ. ಪ್ರನಾಳದ ಹೊರಗೆ ಪ್ರಬಲವಾದ ಅಯಸ್ಕಾಂತವೊಂದನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಸರಿಸಿರಿ. ಬಿಳಿಯ ಪುಡಿ ತಳದಲ್ಲಿಯೇ ಉಳಿಯುತ್ತದೆ. ಅದರ ನಡುವಿನಿಂದ ಕೆಲವು ಕಪ್ಪು ಚುಕ್ಕೆಗಳು ಬೇರ್ಪಟ್ಟು ಅಯಸ್ಕಾಂತದ ಹಿಂದೆ ಗಾಜಿನ ಗೋಡೆಯನ್ನು ಹತ್ತತೊಡಗುತ್ತವೆ. ಅವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ತುಕ್ಕಿನ ಕವಚವಿನ್ನೂ ಹತ್ತಿಕೊಂಡಿರುವ ಬ್ರೇಕಿನ ಚೂರುಗಳು ಕಾಣಸಿಗುತ್ತವೆ.